ತುಂಗಭದ್ರಾ ನದಿಯ ರಕ್ಷಣೆ: ಮೂರು ರಾಜ್ಯಗಳ ಹೊಣೆ

ಪಶ್ಚಿಮ ಘಟ್ಟದ ವರಾಹ ಪರ್ವತಶ್ರೇಣಿಯಲ್ಲಿ ಗಂಗಾಮೂಲವೆಂಬ ಒಂದೇ ನೆಲೆಯಲ್ಲಿ ಹುಟ್ಟಿ, ಬೇರೆ ಬೇರೆ ಕಣಿವೆಗಳನ್ನು ಹಿಡಿದು ಹರಿದು, ಶಿವಮೊಗ್ಗೆಯ ಸಮೀಪದ ಕೂಡಲಿಯಲ್ಲಿ ಮತ್ತೆ ಒಂದಾಗುವ ತುಂಗೆ ಮತ್ತು ಭದ್ರೆಯರ ಕಥೆ ಕನ್ನಡಿಗರಿಗೆ ಹೊಸದಲ್ಲ. 'ತುಂಗಾಪಾನ, ಗಂಗಾಸ್ನಾನ' ಎಂಬ ಮಾತನ್ನು ಅಕ್ಷರ ಬಾರದ ಅಜ್ಜಿಯೂ ಬಲ್ಲಳು. ಆದರೆ ಕೂಡಲಿಯಿಂದ ಮುಂದಕ್ಕೆ ಈ ನದಿಯ ಪಾಡೇನು ಎಂಬುದನ್ನು ಬಲ್ಲವರು ಕಡಿಮೆ. ಕೂಡಲಿಯಿಂದ ಕೃಷ್ಣೆಯನ್ನು ಸೇರುವವರೆಗೆ ತುಂಗಭದ್ರೆಯ ಉದ್ದ 531 ಕಿಲೋಮೀಟರ್. ಇದರಲ್ಲಿ 382 ಕಿಲೋಮೀಟರ್ ಕರ್ನಾಟಕದೊಳಗೆ. 58 ಕಿಲೋಮೀಟರ್ ಉದ್ದಕ್ಕೆ ನದಿಯೇ ಕರ್ನಾಟಕಕ್ಕೂ ಆಂಧ್ರಪ್ರದೇಶಕ್ಕೂ ಗಡಿ. ಉಳಿದ 91 ಕಿಲೋಮೀಟರ್ ಹಿಂದಿನ ಅವಿಭಕ್ತ ಆಂಧ್ರದಲ್ಲಿ. ಆ ಕೊನೆಯ ಭಾಗದಲ್ಲಿಯೂ 2014ರಿಂದ ಈಚೆಗೆ ಒಂದು ದಡದ ಆಲಂಪುರ ತೆಲಂಗಾಣಕ್ಕೆ ಸೇರಿದೆ, ಮತ್ತೊಂದು ದಡದ ಕರ್ನೂಲು ಆಂಧ್ರದಲ್ಲಿ ಉಳಿದಿದೆ. ಹೊಳೆ ಮಾತ್ರ ಒಂದೇ.

ಈ ಒಂದೇ ಹೊಳೆಯನ್ನು ಒಂದೇ ಎಂದು ಕಾಣುವ ವ್ಯವಸ್ಥೆ ಈ ದೇಶದಲ್ಲಿ ಇನ್ನೂ ಹುಟ್ಟಿಲ್ಲವೆಂಬುದು ವಿಷಾದದ ಸಂಗತಿ. ನೀರಿನ ಹಂಚಿಕೆಗೆ ಮಾತ್ರ ವ್ಯವಸ್ಥೆಯುಂಟು. ಅದು ಹಳೆಯದೂ ಹೌದು. 1944ರಲ್ಲಿ ಮದ್ರಾಸ್ ಪ್ರಾಂತಕ್ಕೂ ಹೈದರಾಬಾದ್ ಸಂಸ್ಥಾನಕ್ಕೂ ಒಪ್ಪಂದವಾಗಿ, ಮರುವರ್ಷವೇ ಹೊಸಪೇಟೆಯ ಬಳಿ ಅಣೆಕಟ್ಟೆಯ ಕೆಲಸ ಆರಂಭವಾಯಿತು. 1953ರಲ್ಲಿ ಜಲಾಶಯ ಬಳಕೆಗೆ ಬಂದಿತು. ಅದೇ ವರ್ಷ ಆಂಧ್ರ ರಾಜ್ಯ ರಚನೆಯಾದಾಗ ಅಣೆಕಟ್ಟೆಯ ಉಸ್ತುವಾರಿಗೆಂದು ತುಂಗಭದ್ರಾ ಮಂಡಳಿ ಹುಟ್ಟಿಕೊಂಡಿತು. 1969ರಲ್ಲಿ ನೇಮಕವಾದ ಬಚಾವತ್ ನ್ಯಾಯಮಂಡಳಿ 1973ರಲ್ಲಿ ತೀರ್ಪಿತ್ತು, 1976ರಲ್ಲಿ ಅದು ಅಧಿಕೃತವಾಗಿ ಪ್ರಕಟವಾಯಿತು. ಅದರ ಪ್ರಕಾರ ಜಲಾಶಯದ ವಾರ್ಷಿಕ ಬಳಕೆ 230 ಟಿ.ಎಂ.ಸಿ., ಅಂದರೆ 230 ಶತಕೋಟಿ ಘನ ಅಡಿ. ಇಂದಿನ ಲೆಕ್ಕದಲ್ಲಿ ಕರ್ನಾಟಕಕ್ಕೆ 151.49, ಆಂಧ್ರಕ್ಕೆ 72, ತೆಲಂಗಾಣಕ್ಕೆ 6.51. ಕೂಡಿಸಿ ನೋಡಿದರೆ ದಶಾಂಶವೂ ತಪ್ಪದೆ 230 ಬರುತ್ತದೆ. ಇಷ್ಟು ಅಚ್ಚುಕಟ್ಟಾದ ಲೆಕ್ಕದಲ್ಲಿ ನದಿಯ ಹೆಸರಿಗೆಂದು ಒಂದು ಅಂಕಣವಿಲ್ಲ. ಕಾಲುವೆಗಳಿಗೆ ಪಾಲಿದೆ, ಬಿಸಿಲಿಗೆ ಆವಿಯಾಗಿ ಹೋಗುವ ನೀರನ್ನೂ ಲೆಕ್ಕಕ್ಕೆ ಹಿಡಿಯಲಾಗಿದೆ. ಹೊಳೆ ಹೊಳೆಯಾಗಿ ಬದುಕಿರಲು ಎಷ್ಟು ನೀರು ಬೇಕು ಎಂಬ ಪ್ರಶ್ನೆಯನ್ನು ಆ ಕಾಲದಲ್ಲಿ ಯಾರೂ ಎತ್ತಲಿಲ್ಲ. ಅದು ಆ ಹಿರಿಯರ ತಪ್ಪೆಂದು ಹೇಳುವುದು ನ್ಯಾಯವಲ್ಲ. ಕ್ಷಾಮದ ನೆನಪು ಹಸಿಯಾಗಿದ್ದ ಕಾಲದಲ್ಲಿ ಅವರು ಅನ್ನದ ಲೆಕ್ಕ ಹಾಕಿದರು. ಆದರೆ ಅರ್ಧ ಶತಮಾನ ಕಳೆದ ಮೇಲೂ ಅದೇ ಲೆಕ್ಕದ ಪುಸ್ತಕವನ್ನೇ ತಿರುವಿಹಾಕುತ್ತ ಕುಳಿತಿರುವುದಕ್ಕೆ ಯಾವ ಸಮಾಧಾನವಿದೆ?

ಹೂಳಿನ ಸಂಗತಿಯನ್ನೇ ತೆಗೆದುಕೊಳ್ಳಬಹುದು. ಕಟ್ಟಿದಾಗ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ಜಲಾಶಯದ ಸಾಮರ್ಥ್ಯ ಇಂದು 105.79 ಟಿ.ಎಂ.ಸಿ.ಗೆ ಇಳಿದಿದೆ. ಕಳೆದುಹೋದ 27 ಟಿ.ಎಂ.ಸಿ. ಜಾಗ ತೆಲಂಗಾಣದ ವಾರ್ಷಿಕ ಪಾಲಿನ ನಾಲ್ಕು ಪಟ್ಟಿಗಿಂತಲೂ ಹೆಚ್ಚು. ನ್ಯಾಯಾಲಯದ ಮುಂದೆ ಒಂದೊಂದು ಟಿ.ಎಂ.ಸಿ.ಗಾಗಿ ವರ್ಷಗಟ್ಟಲೆ ವಾದಿಸುವ ರಾಜ್ಯಗಳು ಇಷ್ಟೊಂದನ್ನು ಮಣ್ಣಿಗೆ ಸದ್ದಿಲ್ಲದೆ ಬಿಟ್ಟುಕೊಟ್ಟಿವೆ. ಹೂಳು ಎಲ್ಲಿಂದ ಬಂದಿತೆಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ಮರ ಕಡಿದು ಬೋಳಾದ ಗುಡ್ಡಗಳು, ಬದುವಿಲ್ಲದೆ ಉತ್ತ ಇಳಿಜಾರಿನ ಹೊಲಗಳು, ಅಗೆದು ಬಿಟ್ಟ ಹಳ್ಳದ ದಂಡೆಗಳು ಮುಂಗಾರಿನ ಮೊದಲ ಮಳೆಗೇ ತಮ್ಮ ಮಣ್ಣನ್ನು ಹೊಳೆಗೆ ಒಪ್ಪಿಸುತ್ತವೆ. ಇದಕ್ಕೆ ಪರಿಹಾರವೆಂದು ಸೂಚಿತವಾಗಿರುವುದಾದರೂ ಏನು? ಕೊಪ್ಪಳ ಜಿಲ್ಲೆಯ ನವಲಿಯ ಬಳಿ ಇನ್ನೊಂದು ಸಮತೋಲನ ಜಲಾಶಯ. ತುಂಬಿದ ಕೊಡದಲ್ಲಿ ಮಣ್ಣು ಸೇರಿತೆಂದು ಪಕ್ಕದಲ್ಲಿ ಮತ್ತೊಂದು ಕೊಡ ಇಡುವ ಕ್ರಮವಿದು. ಆ ಯೋಜನೆಗೆ ನೆರೆಯ ಎರಡು ರಾಜ್ಯಗಳ ಒಪ್ಪಿಗೆ ಬೇಕು. ಮಾತುಕತೆ ನಡೆಯುತ್ತಲೇ ಇದೆ. ಮಣ್ಣು ಕೊಚ್ಚಿಹೋಗದಂತೆ ಮಲೆನಾಡಿನ ಇಳಿಜಾರುಗಳನ್ನು ಕಾಯುವುದಕ್ಕೆ ಮೂರು ರಾಜ್ಯಗಳು ಕೂಡಿ ಮಾತಾಡಿದ್ದನ್ನು ಯಾರೂ ಕೇಳಿಲ್ಲ.

ಮೇಲಿನ ಕಣಿವೆಯಲ್ಲಿ ದಿಟ್ಟ ತೀರ್ಮಾನ ಸಾಧ್ಯವೇ ಇಲ್ಲವೆಂದು ಹೇಳುವವರು ಕುದುರೆಮುಖವನ್ನು ನೆನೆಯಬೇಕು. ಭದ್ರೆಯ ಹುಟ್ಟುನೆಲೆಯ ಮಗ್ಗುಲಲ್ಲಿಯೇ, ವರ್ಷಕ್ಕೆ ಸಾವಿರಾರು ಮಿಲಿಮೀಟರ್ ಮಳೆ ಸುರಿಯುವ ಶೋಲಾ ಕಾಡಿನ ನಡುವೆ, 1976ರಲ್ಲಿ ಸ್ಥಾಪಿತವಾದ ಸಂಸ್ಥೆ ಕಬ್ಬಿಣದ ಅದಿರಿನ ಗಣಿಯನ್ನು ನಡೆಸಿತು. ಮಳೆಗಾಲದಲ್ಲಿ ಕೆಂಪಾಗಿ ಹರಿಯುತ್ತಿದ್ದ ಭದ್ರೆಯನ್ನು ಕಂಡವರು ಇಂದಿಗೂ ಇದ್ದಾರೆ. ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ನೀಡಿದ ಆದೇಶದಂತೆ 2005ರ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು. ಜನರಿಗೆ ಉದ್ಯೋಗನಷ್ಟವಾಯಿತು, ಒಂದು ಊರೇ ಖಾಲಿಯಾಯಿತು. ಆ ನೋವನ್ನು ಹಗುರವಾಗಿ ಕಾಣಲಾಗದು. ಆದರೆ ಹೊಳೆಯ ತಲೆಯಲ್ಲಿ ಆದ ತೀರ್ಮಾನದ ಫಲ ಹೊಳೆಯ ಬುಡದವರಿಗೂ ಸಲ್ಲುತ್ತದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಸಿಗಲಾರದು. ಅದು ನಡೆದದ್ದು ನ್ಯಾಯಾಲಯದ ಕಟ್ಟಳೆಯಿಂದ, ರಾಜ್ಯಗಳ ಸಮ್ಮತದಿಂದಲ್ಲ ಎಂಬುದೊಂದೇ ಕೊರತೆ.

ಹೊಲಸಿನ ವಿಷಯದಲ್ಲಿ ಸ್ಥಿತಿ ಇನ್ನೂ ಶೋಚನೀಯ. ಶಿವಮೊಗ್ಗ, ಭದ್ರಾವತಿ, ಹರಿಹರ, ದಾವಣಗೆರೆಗಳಂತಹ ಊರುಗಳ ಚರಂಡಿ ನೀರಿನ ಬಹುಭಾಗಕ್ಕೆ ಕೊನೆಗೆ ಗತಿಯಾಗಿರುವುದು ಈ ಹೊಳೆಯ ಕಣಿವೆಯೇ. 1980ರ ದಶಕದಲ್ಲಿ ಹರಿಹರದ ಬಳಿಯ ಕಾರ್ಖಾನೆಯ ತ್ಯಾಜ್ಯದಿಂದ ಮೀನು ಸತ್ತು ತೇಲಿದಾಗ, ರಾಣೆಬೆನ್ನೂರು ತಾಲ್ಲೂಕಿನ ಹೊಳೆದಂಡೆಯ ಹಳ್ಳಿಗರು ಬೀದಿಗಿಳಿದರು. ಕನ್ನಡನಾಡಿನಲ್ಲಿ ನದಿಯ ಶುದ್ಧಿಗಾಗಿ ರೈತರೂ ಬೆಸ್ತರೂ ಒಂದಾಗಿ ನಿಂತ ಮೊದಮೊದಲ ಚಳವಳಿಗಳಲ್ಲಿ ಅದೊಂದು. ಆದರೂ 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಗುರುತಿಸಿದ ಕರ್ನಾಟಕದ 17 ಮಲಿನ ನದೀಭಾಗಗಳ ಪಟ್ಟಿಯಲ್ಲಿ ತುಂಗಭದ್ರೆಯ ಹೆಸರೂ ಇದ್ದಿತು. ಇದೇ ನೀರು ಮುಂದೆ ಮಂತ್ರಾಲಯದ ಸ್ನಾನಘಟ್ಟಕ್ಕೆ ಹೋಗಬೇಕು, ಕರ್ನೂಲಿನ ಜನರ ಕುಡಿಯುವ ಕೊಡಕ್ಕೂ ಹೋಗಬೇಕು. ಆದರೆ ಕರ್ನಾಟಕದ ಮಾಲಿನ್ಯ ಮಂಡಳಿಯ ಅಧಿಕಾರ ಕರ್ನಾಟಕದ ಗಡಿಯಲ್ಲಿ ನಿಲ್ಲುತ್ತದೆ, ಆಂಧ್ರದ ಮಂಡಳಿಯ ಅಧಿಕಾರ ಅಲ್ಲಿಂದ ಮೊದಲಾಗುತ್ತದೆ. ಗಡಿಯಾಗಿ ಹರಿಯುವ 58 ಕಿಲೋಮೀಟರಿನಲ್ಲಂತೂ ಹೊಳೆಯ ನಡುಮಧ್ಯದಲ್ಲಿ ಅಧಿಕಾರಗಳು ಬದಲಾಗುತ್ತವೆ! ಎಡದಂಡೆಯ ಕೊಳೆ ಬಲದಂಡೆಗೆ ತಾಕುವುದಿಲ್ಲವೆಂದು ಕಾನೂನು ಭಾವಿಸಿದಂತಿದೆ. ಅಥವಾ ಕಾನೂನನ್ನು ದೂರುವುದು ತಪ್ಪಾದೀತು. 1974ರ ಜಲಮಾಲಿನ್ಯ ಕಾಯಿದೆಯಲ್ಲಿಯೇ, ಒಂದಕ್ಕೊಂದು ಹೊಂದಿಕೊಂಡ ರಾಜ್ಯಗಳು ಒಪ್ಪಂದ ಮಾಡಿಕೊಂಡು ಜಂಟಿ ಮಂಡಳಿ ರಚಿಸಿಕೊಳ್ಳಲು ಅವಕಾಶವಿದೆ. ಆ ಅವಕಾಶವನ್ನು ಈ ಹೊಳೆಗಾಗಿ ಬಳಸಿಕೊಳ್ಳುವ ಮನಸ್ಸು ಯಾವ ರಾಜ್ಯಕ್ಕೂ ಬರಲಿಲ್ಲ.

ಇನ್ನು ಹೊಳೆಯ ಮೂಕ ಜೀವಿಗಳು. ಅಣೆಕಟ್ಟೆಯ ಕೆಳಗೆ, ಹಂಪೆಯ ಬಂಡೆಗಳ ನಡುವೆ ಹರಿಯುವ ಭಾಗದಲ್ಲಿ ನೀರುನಾಯಿಗಳ ಸಂಸಾರಗಳಿವೆ. ಇವುಗಳ ರಕ್ಷಣೆಗೆಂದು 2015ರಲ್ಲಿ ಕರ್ನಾಟಕ ಸರ್ಕಾರ ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿಲೋಮೀಟರ್ ಉದ್ದದ ನದಿಯನ್ನು ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಈ ಬಗೆಯದು ದೇಶದಲ್ಲಿಯೇ ಮೊದಲನೆಯದು, ಸರ್ಕಾರ ಅಭಿನಂದನಾರ್ಹ. ಆದರೆ ನೀರುನಾಯಿ ಕಂಪ್ಲಿಯ ಸೇತುವೆ ಕಂಡು ಹಿಂದಿರುಗುವ ಪ್ರಾಣಿಯಲ್ಲ. ಮೀನಿದ್ದ ಕಡೆ ಅದರ ಬೇಟೆ, ಮರಳದಿಣ್ಣೆಯೂ ಬಂಡೆಯ ಸಂದಿಯೂ ಇದ್ದ ಕಡೆ ಅದರ ಮನೆ. ಕಂಪ್ಲಿಯ ಕೆಳಗೆ ಮರಳಿಗಾಗಿ ಹೊಳೆಯನ್ನು ಬಗೆದರೆ, ಬಲೆಯ ಬದಲು ಸಿಡಿಮದ್ದು ಹಾಕಿ ಮೀನು ಹಿಡಿದರೆ, ಮೇಲಿನ 34 ಕಿಲೋಮೀಟರಿನ ಘೋಷಣೆ ಕಾಗದದ ಮೇಲೆ ಉಳಿದೀತು. ಮೀನುಗಳ ಕಷ್ಟವೂ ಅಂಥದೇ. ಮರಿಮಾಡಲು ಹೊಳೆಯನ್ನೇರಿ ಹೋಗುವ ಜಾತಿಯ ಮೀನಿಗೆ ಒಂದೊಂದು ಒಡ್ಡೂ ಒಂದೊಂದು ಗೋಡೆ. ಶೃಂಗೇರಿಯ ಮಡುವಿನಲ್ಲಿ ಭಕ್ತರು ಹಾಕುವ ಅಕ್ಕಿಗೆ ಮುತ್ತುವ ದೊಡ್ಡ ಮೀನುಗಳನ್ನು ನೋಡಿ ಸಂತೋಷಪಡುವವರು, ಅಂತಹ ಅಭಯ ಸಿಗದ ನೂರಾರು ಕಿಲೋಮೀಟರ್ ಕೆಳಗಿದೆಯೆಂಬುದನ್ನು ಮರೆಯುತ್ತಾರೆ.

ರಾಯಚೂರು ಜಿಲ್ಲೆಯ ರಾಜೋಳಿಬಂಡೆಯ ಒಡ್ಡಿನ ಮೇಲೆ ನಿಂತರೆ ಈ ಸಮಸ್ಯೆಯ ಪೂರ್ಣಸ್ವರೂಪ ಒಂದೇ ನೋಟದಲ್ಲಿ ಕಾಣುತ್ತದೆ. ಒಡ್ಡಿನ ಎಡತುದಿ ಕರ್ನಾಟಕದಲ್ಲಿ, ಬಲತುದಿ ಆಂಧ್ರದಲ್ಲಿ. ಅಲ್ಲಿಂದ ಹೊರಡುವ ಕಾಲುವೆಯ ನೀರಿನ ಹೆಚ್ಚು ಪಾಲು ತೆಲಂಗಾಣದ ಹೊಲಗಳಿಗೆ. ಒಂದು ಕಲ್ಲಿನ ಗೋಡೆಯ ಮೇಲೆ ಮೂರು ಸರ್ಕಾರಗಳ ಹಕ್ಕು ಕೂಡಿವೆ. ಒಡ್ಡನ್ನು ಎತ್ತರಿಸಬೇಕು, ಎತ್ತರಿಸಬಾರದು ಎಂಬ ಜಗಳ ದಶಕಗಳಿಂದ ನಡೆದುಬಂದಿದೆ. ಒಡ್ಡಿನ ಕೆಳಗೆ ಬೇಸಿಗೆಯಲ್ಲಿ ಹೊಳೆ ಬತ್ತಿ ಬಂಡೆ ಮೂಡುವುದರ ಬಗ್ಗೆ ಜಗಳವೂ ಇಲ್ಲ, ಮಾತೂ ಇಲ್ಲ. ವೇದಾವತಿಯ ವಿಚಾರವಂತೂ ಇನ್ನೂ ವಿಚಿತ್ರ. ಚಿತ್ರದುರ್ಗ ಜಿಲ್ಲೆಯಲ್ಲಿ ಹರಿದು, ಅನಂತಪುರ ಜಿಲ್ಲೆಯನ್ನು ಹೊಕ್ಕು, ಮತ್ತೆ ಬಳ್ಳಾರಿಗೆ ಮರಳಿ ತುಂಗಭದ್ರೆಯನ್ನು ಸೇರುವ ಈ ಉಪನದಿಯಲ್ಲಿ ಕರ್ನಾಟಕ ಮೇಲಿನ ರಾಜ್ಯವೂ ಹೌದು, ಕೆಳಗಿನ ರಾಜ್ಯವೂ ಹೌದು. ಇಂಥ ಕಡೆಯಲ್ಲಿ ಮೇಲು ಕೆಳಗೆಂಬ ಮಾತಿಗೆ ಅರ್ಥವೆಲ್ಲಿಯದು?

ನೆರೆ ಬಂದಾಗ ಮಾತ್ರ ಎಲ್ಲರಿಗೂ ಹೊಳೆ ಒಂದೆಂಬುದು ನೆನಪಾಗುತ್ತದೆ. 2009ರ ಅಕ್ಟೋಬರ್ ಆರಂಭದಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆ ಇಲ್ಲಿನ ಊರುಗಳನ್ನು ಮುಳುಗಿಸಿ, ಮಂತ್ರಾಲಯವನ್ನು ನೀರಿನಲ್ಲಿ ನಿಲ್ಲಿಸಿ, ಕರ್ನೂಲು ನಗರಕ್ಕೆ ನುಗ್ಗಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದಾಗ ಮೂರು ರಾಜ್ಯಗಳ ರೈತರೂ ಉಸಿರು ಬಿಗಿಹಿಡಿದಿದ್ದರು. ಸುಮಾರು ಒಂದು ವಾರದ ಹೋರಾಟದ ನಂತರ ತಂತ್ರಜ್ಞರು ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ತಡೆಯನ್ನು ಇಳಿಸಿ ಉಳಿದ ನೀರನ್ನು ಕಾಪಾಡಿದರು. ಆ ವಾರದಲ್ಲಿ ಯಾವ ರಾಜ್ಯದ ಅಧಿಕಾರಿಯೂ ಇದು ತನ್ನ ಗೇಟಲ್ಲವೆಂದು ಹೇಳಲಿಲ್ಲ. ಗೇಟಿಗೆ ದೊರೆತ ಈ ಐಕಮತ್ಯ ಗೇಟಿನ ಹಿಂದಿನ ಹೂಳಿಗೂ ಮುಂದಿನ ಮೀನಿಗೂ ದೊರೆಯಬಾರದೇಕೆ?

ಭಿನ್ನ ಭಾಷೆ, ಭಿನ್ನ ಆಡಳಿತದ ನಾಡುಗಳು ಒಂದು ಹೊಳೆಗಾಗಿ ಕೂಡಿ ದುಡಿಯಬಹುದೆಂಬುದಕ್ಕೆ ಯುರೋಪಿನ ರೈನ್ ನದಿ ಸಾಕ್ಷಿ. ಅಲ್ಲಿನ ದೇಶಗಳು ಸಾಲ್ಮನ್ ಮೀನಿಗೆಂದು 1885ರಷ್ಟು ಹಿಂದೆಯೇ ಒಪ್ಪಂದ ಮಾಡಿಕೊಂಡಿದ್ದವು. ಆದರೆ ಮೀನನ್ನು ಯಾರು ಹಿಡಿಯಬೇಕೆಂದು ನೋಡಿದರೇ ಹೊರತು ಹೊಳೆಯ ಕೊಳೆಯನ್ನೂ ಕಟ್ಟೆಗಳನ್ನೂ ಗಮನಿಸಲಿಲ್ಲ. 1950ರ ದಶಕದ ಹೊತ್ತಿಗೆ ಸಾಲ್ಮನ್ ಆ ನದಿಯಿಂದ ಅಳಿದೇ ಹೋಯಿತು. ಎರಡು ಮಹಾಯುದ್ಧಗಳಲ್ಲಿ ಪರಸ್ಪರ ಕಾದಾಡಿದ ರಾಷ್ಟ್ರಗಳೇ 1950ರಲ್ಲಿ ಕೂಡಿ ರೈನ್ ರಕ್ಷಣೆಯ ಆಯೋಗವನ್ನು ಸ್ಥಾಪಿಸಿದವು. ಮೂರೂವರೆ ದಶಕ ಅದರ ಕೆಲಸ ನಿಧಾನವಾಗಿಯೇ ಸಾಗಿತು. 1986ರ ನವೆಂಬರ್ 1ರಂದು ಸ್ವಿಟ್ಸರ್ಲೆಂಡಿನ ಬಾಸೆಲ್ ಬಳಿಯ ರಾಸಾಯನಿಕ ಉಗ್ರಾಣಕ್ಕೆ ಬೆಂಕಿ ಬಿದ್ದಿತು. ಆರಿಸಲು ಸುರಿದ ನೀರಿನೊಡನೆ ವಿಷ ಹೊಳೆಗಿಳಿದು, ನದಿ ಕೆಂಪಾಗಿ, ಲಕ್ಷಾಂತರ ಹಾವುಮೀನುಗಳು ಸತ್ತವು. ಮರುವರ್ಷವೇ ಆ ದೇಶಗಳು ಕಾರ್ಯಯೋಜನೆಯೊಂದನ್ನು ಅಂಗೀಕರಿಸಿ, 2000ದ ಹೊತ್ತಿಗೆ ಸಾಲ್ಮನ್ ಮೀನು ಮರಳಿ ಬರಬೇಕೆಂದು ಗುರಿಯಿಟ್ಟುಕೊಂಡವು. 1990ರ ದಶಕದಲ್ಲಿ ಮೀನು ಮರಳಿತು. ಫ್ರಾನ್ಸ್ ಮತ್ತು ಜರ್ಮನಿಗಳ ಗಡಿಯಲ್ಲಿರುವ ಕಟ್ಟೆಗಳಲ್ಲಿ 2000ದಲ್ಲಿ ಒಂದಕ್ಕೆ, 2006ರಲ್ಲಿ ಇನ್ನೊಂದಕ್ಕೆ ಮೀನುಮೆಟ್ಟಿಲು ಕಟ್ಟಿದರು. ಬಾಸೆಲ್‌ವರೆಗಿನ ದಾರಿ ಪೂರ್ತಿಯಾಗಿ ಇನ್ನೂ ತೆರವಾಗಿಲ್ಲ. ಕೆಲಸ ಮುಗಿದಿಲ್ಲವೆಂದು ಅವರೇ ಒಪ್ಪಿಕೊಳ್ಳುತ್ತಾರೆ.

ರೈನ್ ನದಿಯ ಚರಿತ್ರೆಯಲ್ಲಿ ಇನ್ನೊಂದು ಪ್ರಸಂಗ ಕನ್ನಡಿಗರೂ ತೆಲುಗರೂ ಮನನ ಮಾಡತಕ್ಕದ್ದು. ಫ್ರಾನ್ಸಿನ ಗಣಿಗಳಿಂದ ನದಿಗೆ ಉಪ್ಪು ಸೇರಿ, ಕೆಳಗಿನ ನೆದರ್ಲೆಂಡ್ಸ್‌ನ ತೋಟಗಾರರು ಕಷ್ಟಕ್ಕೀಡಾದರು. 1976ರ ಒಪ್ಪಂದದಂತೆ ಆ ಉಪ್ಪನ್ನು ತಡೆಯುವ ವೆಚ್ಚದಲ್ಲಿ ಫ್ರಾನ್ಸ್ ನೂರಕ್ಕೆ 30, ಜರ್ಮನಿ 30, ಸ್ವಿಟ್ಸರ್ಲೆಂಡ್ 6 ಪಾಲು ಹೊತ್ತವು. ಉಳಿದ 34 ಪಾಲನ್ನು ಹೊತ್ತದ್ದು ನೊಂದ ನೆದರ್ಲೆಂಡ್ಸ್. ಮಲಿನ ಮಾಡಿದವನೇ ತೆರಬೇಕೆಂಬುದು ಧರ್ಮ. ಆದರೆ ಧರ್ಮನಿರ್ಣಯಕ್ಕೆ ಕಾದು ಕುಳಿತರೆ ತೋಟ ಒಣಗುತ್ತದೆಂದು ಡಚ್ಚರು ಲೆಕ್ಕ ಹಾಕಿದರು. ಒಪ್ಪಂದ ಜಾರಿಗೆ ಬಂದದ್ದು 1985ರಲ್ಲಿ. ಫ್ರಾನ್ಸ್ ಅನುಮೋದಿಸಲು ವರ್ಷಗಟ್ಟಲೆ ತಡಮಾಡಿತು. ಅಂತರರಾಜ್ಯ ಮಾತುಕತೆಗಳು ಇಲ್ಲಿ ಮಾತ್ರ ನಿಧಾನವೆಂದು ನಿರಾಶರಾಗುವವರಿಗೆ ಇದರಿಂದ ತುಸು ಸಮಾಧಾನವಾದೀತು. ಮಲೆನಾಡಿನಲ್ಲಿ ಕಾಡು ಬೆಳೆಸಿ ಹೂಳು ತಡೆಯುವ ಕೆಲಸಕ್ಕೆ ಆಂಧ್ರ ಮತ್ತು ತೆಲಂಗಾಣಗಳೂ ತಮ್ಮ ನೀರಿನ ಪಾಲಿಗೆ ತಕ್ಕಷ್ಟು ಹಣ ಕೊಡಬಾರದೆ? ನವಲಿಯ ಜಲಾಶಯಕ್ಕೆ ತಗಲುವ ವೆಚ್ಚದೊಡನೆ ಹೋಲಿಸಿ ನೋಡಿದರೆ ಯಾವುದು ಅಗ್ಗವೆಂದು ತಿಳಿಯಬಹುದು.

ಇದಕ್ಕೆ ಆಕ್ಷೇಪ ಬರುವುದು ರೈತರ ಕಡೆಯಿಂದ; ಬರುವುದು ಸಹಜವೂ ಹೌದು. ಎಡದಂಡೆ ಕಾಲುವೆಯ ಕೊನೆಯಲ್ಲಿರುವ ಮಾನ್ವಿ, ರಾಯಚೂರು ಭಾಗದ ರೈತನಿಗೆ ಇಂದಿಗೂ ಹಕ್ಕಿನ ನೀರು ಸಕಾಲಕ್ಕೆ ಮುಟ್ಟುವುದಿಲ್ಲ. ಹೊಳೆಗೆಂದು ನೀರು ಬಿಟ್ಟರೆ ತನ್ನ ಪಾಲಿಗೆ ಇನ್ನೂ ಕಡಿಮೆಯಾದೀತೆಂದು ಅವನು ಹೆದರಿದರೆ ಅವನನ್ನು ಹಳಿಯುವಂತಿಲ್ಲ. ಆದರೆ ಅವನ ನೀರನ್ನು ನುಂಗಿದ್ದು ನೀರುನಾಯಿಯಲ್ಲ. ಬರಪೀಡಿತ ನಾಡಿಗೆ ವಿಸ್ತಾರವಾಗಿ ಹರಡಬೇಕೆಂದು, ಜೋಳ ಹತ್ತಿಗಳಂತಹ ಬೆಳೆಗೆ ಮಿತವಾದ ನೀರು ಕೊಡಬೇಕೆಂದು ಯೋಜಿಸಿದ ಕಾಲುವೆಯಲ್ಲಿ, ಮೇಲ್ಭಾಗದವರು ಭತ್ತ ಬೆಳೆದರು. ಅನಧಿಕೃತವಾಗಿ ಎತ್ತಿಕೊಂಡವರೂ ಇದ್ದಾರೆ. ನೀರು ನಿಂತು ಎಷ್ಟೋ ಹೊಲಗಳು ಸವಳು ಹಿಡಿದವು. ಕಾಲುವೆಯ ತಲೆಯವನು ಬಾಲದವನನ್ನು ಮರೆತಂತೆಯೇ ಹೊಳೆಯ ತಲೆಯ ರಾಜ್ಯ ಬಾಲದ ರಾಜ್ಯವನ್ನು ಮರೆತಿದೆ, ರೋಗ ಒಂದೇ. ಕಾಲುವೆಯಲ್ಲಿ ಶಿಸ್ತು ಬಂದರೆ ಬಾಲದ ರೈತನಿಗೂ ಹೊಳೆಗೂ ಏಕಕಾಲದಲ್ಲಿ ನೀರು ದೊರೆಯುವ ಸಾಧ್ಯತೆಯಿದೆ. ಕೇಂದ್ರ ಸರ್ಕಾರ 2018ರಲ್ಲಿ ಗಂಗೆಯ ಮೇಲಿನ ಕಟ್ಟೆಗಳಿಂದ ವರ್ಷದ ಆಯಾ ಕಾಲದಲ್ಲಿ ಇಷ್ಟು ನೀರನ್ನು ಹೊಳೆಗೆ ಬಿಡಲೇಬೇಕೆಂದು ನಿಗದಿ ಮಾಡಿದೆ. ಗಂಗೆಗೆ ಸಲ್ಲುವ ಮರ್ಯಾದೆ ತುಂಗೆಗೆ ಸಲ್ಲಬಾರದೆಂದು ಯಾರು ಹೇಳಿಯಾರು?

ಹೊಸ ಕಾನೂನು ಬೇಕೆಂದು ಕೂಗುವ ಅಗತ್ಯವೂ ಇಲ್ಲ. 1956ರಲ್ಲಿ ಸಂಸತ್ತು ಎರಡು ಕಾಯಿದೆಗಳನ್ನು ಮಾಡಿತು. ಒಂದು ಅಂತರರಾಜ್ಯ ಜಲವಿವಾದಗಳ ಕಾಯಿದೆ. ಇನ್ನೊಂದು ನದೀಮಂಡಳಿಗಳ ಕಾಯಿದೆ. ಮೊದಲನೆಯದು ಜಗಳಕ್ಕೆ, ಎರಡನೆಯದು ಸಹಕಾರಕ್ಕೆ. ಜಗಳದ ಕಾಯಿದೆಯಡಿ ನ್ಯಾಯಮಂಡಳಿಗಳ ಮೇಲೆ ನ್ಯಾಯಮಂಡಳಿಗಳು ಹುಟ್ಟಿವೆ. ಸಹಕಾರದ ಕಾಯಿದೆಯಡಿ ಇಂದಿನವರೆಗೆ ಒಂದು ಮಂಡಳಿಯೂ ಹುಟ್ಟಿಲ್ಲ. ಆ ಕಾಯಿದೆಯನ್ನು ಓದಿದರೆ ಆಶ್ಚರ್ಯವಾಗುತ್ತದೆ. ನೀರಿನ ಸಂರಕ್ಷಣೆ, ಕಾಡು ಬೆಳೆಸುವುದು, ಮಣ್ಣು ಕೊಚ್ಚಿಹೋಗದಂತೆ ತಡೆಯುವುದು, ಅಂತರರಾಜ್ಯ ನದಿಯ ನೀರು ಕೆಡದಂತೆ ನೋಡಿಕೊಳ್ಳುವುದು, ಇವೆಲ್ಲವೂ ಮಂಡಳಿಯ ಕರ್ತವ್ಯಗಳೆಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ರಾಜ್ಯವೊಂದು ಕೋರಿದರೆ ಕೇಂದ್ರ ಸರ್ಕಾರ ಮಂಡಳಿಯನ್ನು ರಚಿಸಬಹುದು. ಅದು ಸಲಹೆ ಕೊಡುವ ಮಂಡಳಿ ಮಾತ್ರ, ಅದಕ್ಕೆ ಹಲ್ಲಿಲ್ಲವೆಂದು ಮೂಗುಮುರಿಯುವವರುಂಟು. ರೈನ್ ಆಯೋಗವೂ ಬಹುಮಟ್ಟಿಗೆ ಶಿಫಾರಸಿನಿಂದಲೇ ಕೆಲಸ ಮಾಡಿದ್ದು. ಎಲ್ಲ ದೇಶಗಳೂ ನೀರನ್ನು ಒಂದೇ ಕ್ರಮದಲ್ಲಿ ಅಳೆದು, ಅಂಕಿಗಳನ್ನು ಬಚ್ಚಿಡದೆ ಮುಂದಿಟ್ಟಾಗ ಯಾರಿಂದ ಎಷ್ಟು ಕೊಳೆ ಬಂದಿತೆಂಬುದು ತಾನಾಗಿಯೇ ಬಯಲಾಯಿತು.

ಕೋರುವ ರಾಜ್ಯ ಯಾವುದಾಗಬೇಕು? ತುಂಗಭದ್ರೆಯ 71,417 ಚದರ ಕಿಲೋಮೀಟರ್ ಜಲಾನಯನದಲ್ಲಿ 57,671 ಚದರ ಕಿಲೋಮೀಟರ್ ಕರ್ನಾಟಕದ್ದು. ಹೂಳಿನ ಹೆಚ್ಚು ಪಾಲು, ಹೊಲಸಿನ ಹೆಚ್ಚು ಪಾಲು ಇಲ್ಲಿನದೇ ಆಗಿರಲೇಬೇಕು. ಆದುದರಿಂದ ಮೊದಲ ಹೆಜ್ಜೆ ಕರ್ನಾಟಕದ್ದಾಗುವುದು ಉಚಿತ. ಹಾಗೆ ಕೋರಿದರೆ ತನ್ನ ನೀರಿನ ಹಕ್ಕಿಗೆ ಚ್ಯುತಿ ಬಂದೀತೆಂಬ ಅಳುಕು ವಿಧಾನಸೌಧದಲ್ಲಿ ಇದ್ದೀತು. ನ್ಯಾಯಮಂಡಳಿಯ ತೀರ್ಪಿನ ಪಾಲುಗಳನ್ನು ಮುಟ್ಟದೆಯೇ ಆರಂಭಿಸಬಹುದಾದ ಕೆಲಸ ಬೇಕಾದಷ್ಟಿದೆ. ನೀರುನಾಯಿಯ ಮೀಸಲು ಪ್ರದೇಶವನ್ನು ಕಂಪ್ಲಿಯಿಂದ ಗಡಿಯವರೆಗೆ ಹಿಗ್ಗಿಸಿ, ಗಡಿಯಾಗಿ ಹರಿಯುವ ಭಾಗದಲ್ಲಿ ಆಂಧ್ರದ ಅರಣ್ಯ ಇಲಾಖೆಯೊಡನೆ ಒಂದೇ ಕಾವಲು ಏರ್ಪಡಿಸಬಹುದು. ಎರಡು ದಡಗಳಲ್ಲಿಯೂ ಮರಳಿಗೆ ಒಂದೇ ನಿಯಮ ಮಾಡಬಹುದು. ಹರಿಹರದ ಕೆಳಗೆ, ಜಲಾಶಯದ ಬಾಯಲ್ಲಿ, ರಾಜೋಳಿಬಂಡೆಯಲ್ಲಿ, ಕರ್ನೂಲಿನಲ್ಲಿ ಒಂದೇ ದಿನ ಒಂದೇ ವಿಧಾನದಿಂದ ನೀರನ್ನು ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಪ್ರಕಟಿಸಬಹುದು. ಇದಕ್ಕೆ ಪರೀಕ್ಷಕರ ಕೊರತೆಯಿದ್ದರೆ ಹೊಳೆಯ ಎರಡು ಬದಿಯ ಶಾಲಾ ಕಾಲೇಜುಗಳ ವಿಜ್ಞಾನ ವಿದ್ಯಾರ್ಥಿಗಳಿದ್ದಾರೆ. ಪಠ್ಯಪುಸ್ತಕದ ರಸಾಯನಶಾಸ್ತ್ರ ಹೊಳೆಯ ದಂಡೆಯಲ್ಲಿ ಅವರಿಗೂ ಚೆನ್ನಾಗಿ ತಿಳಿದೀತು.

ಹೊಸ ಮಂಡಳಿ ರಚನೆಯಾಗುವವರೆಗೆ ಇರುವ ಮಂಡಳಿಯನ್ನೇ ಬಳಸಲು ಅಡ್ಡಿಯೇನಿದೆ? ಮೂರು ರಾಜ್ಯಗಳ ಪ್ರತಿನಿಧಿಗಳು ಈಗಾಗಲೇ ತುಂಗಭದ್ರಾ ಮಂಡಳಿಯ ಸಭೆಯಲ್ಲಿ ಒಂದು ಮೇಜಿನ ಸುತ್ತ ಕೂಡುತ್ತಾರೆ. ಮಂಡಳಿಗೆ ತನ್ನದೇ ಆದ ಮೀನುಗಾರಿಕೆಯ ವಿಭಾಗವೂ ಇದೆ. ಒಳಹರಿವು, ಹೊರಹರಿವು, ಕಾಲುವೆಗೆ ನೀರು ಬಿಡುವ ದಿನ, ಇವು ಅಲ್ಲಿನ ಚರ್ಚೆಯ ವಿಷಯಗಳು. ಮೂರು ರಾಜ್ಯಗಳ ಅರಣ್ಯ ಮತ್ತು ಮಾಲಿನ್ಯ ನಿಯಂತ್ರಣದ ಅಧಿಕಾರಿಗಳನ್ನೂ ಆ ಸಭೆಗೆ ಕರೆದು, ಮಾರ್ಚಿಯಿಂದ ಮೇ ತಿಂಗಳವರೆಗೆ ಅಣೆಕಟ್ಟೆಯ ಕೆಳಗಿನ ಹೊಳೆಯಲ್ಲಿ ಎಷ್ಟು ನೀರಿರಬೇಕೆಂಬ ಒಂದು ವಿಷಯವನ್ನು ಕಾರ್ಯಸೂಚಿಗೆ ಸೇರಿಸಲು ಯಾವ ತೀರ್ಪಿನ ತಿದ್ದುಪಡಿಯೂ ಬೇಕಾಗಿಲ್ಲ. ಮುಂದಿನ ಮುಂಗಾರು ಹಂಗಾಮಿಗೆ ನೀರಿನ ಲೆಕ್ಕ ಹಾಕಲು ಕೂಡುವ ಸಭೆಯಲ್ಲಿಯೇ ಅದನ್ನು ಮಂಡಿಸಬಹುದು.